ಮಳೆ ಕೊಟ್ಟ ರುಖ್ಸತ್ತು

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಯನ್ನು ಗರುಡಾಚಾರ್‌ಪಾಳ್ಯದವರಾದ ನಾವು ಸುಲಭದಲ್ಲಿ ಮರೆಯುವಂತಿಲ್ಲ. ಬೆಳಗಾಗುವಷ್ಟರಲ್ಲಿ, ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕದಲ್ಲಿ, ಬೆಂಗಳೂರಿಗೆ 131.6 ಮಿಲಿಮೀಟರ್ ಮಳೆ ಬಿದ್ದಿತ್ತು. ಮಹದೇವಪುರ, ಬೆಳ್ಳಂದೂರು, ಮಾರತ್‌ಹಳ್ಳಿ ಕಡೆಯ ತಗ್ಗುಗಳೆಲ್ಲ ತುಂಬಿಕೊಂಡವು. ಕೆರೆ ಕಾಲುವೆಗಳ ದಾರಿಯಲ್ಲಿ ತಾನು ಮಲಗಿದ್ದೇನೆ ಎಂಬುದನ್ನು ಹೊರವರ್ತುಲ ರಸ್ತೆ ಎಲ್ಲರಿಗೂ ನೆನಪಿಸಿತು. ಕಂಪ್ಯೂಟರ್ ಕಂಪೆನಿಗಳ ನೌಕರರು ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ನಿಂತು ಕಚೇರಿಗೆ ಹೋಗುವ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಆಗ ನಮ್ಮ ರಸ್ತೆಯ ಮೇಲೆ ಮೆಟ್ರೋ ಕಂಬಗಳು ಎದ್ದಿದ್ದವೇ ಹೊರತು ರೈಲು ಬಂದಿರಲಿಲ್ಲ. ಅದು ಬಂದದ್ದು 2023ರ ಮಾರ್ಚ್ ಕೊನೆಯಲ್ಲಿ.

ಅಂದು ಸೋಮವಾರ. ಶಿವಾಜಿನಗರದಲ್ಲಿರುವ ನಮ್ಮ ಹಿರಿಯ ಬಂಧುವೊಬ್ಬರನ್ನು ನೋಡಲು ಹೋಗಬೇಕೆಂದು ವಾರದ ಹಿಂದೆಯೇ ಗೊತ್ತುಮಾಡಿದ್ದೆವು. ಹೋಗಲಾಗುತ್ತಿಲ್ಲವೆಂದು ಸಂಕೋಚದಿಂದ ಫೋನ್ ಮಾಡಿದರೆ ಅವರು ನಕ್ಕುಬಿಟ್ಟರು. "ಆನಾ ನಕ್ಕೋ ಬಾಬಾ, ಘರ್‌ಮೇಚ್ ರಹೋ. ಬಾರಿಶ್ ರುಖ್ಸತ್ ದಿಯಾ ಸಮಝ್ ಲೇವ್" ಎಂದರು. ಬರಬೇಡಿ, ಮನೆಯಲ್ಲೇ ಇರಿ, ಮಳೆಯೇ ರುಖ್ಸತ್ ಕೊಟ್ಟಿತು ಎಂದುಕೊಳ್ಳಿ ಎಂದು. ಫೋನ್ ಇಟ್ಟ ಮೇಲೂ ಆ ಒಂದು ಪದ ನಮ್ಮ ತಲೆಯಲ್ಲಿ ಉಳಿಯಿತು.

ರುಖ್ಸತ್ ಎಂದರೆ ಉರ್ದು ಬಲ್ಲವರಿಗೆ ಮೊದಲು ನೆನಪಾಗುವುದು ಮದುಮಗಳನ್ನು ಕಳುಹಿಸಿಕೊಡುವ ಗಳಿಗೆ. ಅತಿಥಿ ಹೊರಟು ನಿಂತರೂ ಅದು ರುಖ್ಸತ್ತೇ. ಹಳೆಯ ಕಚೇರಿಯ ಉರ್ದುವಿನಲ್ಲಿ ನೌಕರನ ರಜೆಗೂ ಇದೇ ಹೆಸರು. ಆದರೆ ಅರಬಿಯ ಧರ್ಮಶಾಸ್ತ್ರದಲ್ಲಿ 'ರುಖ್ಸಾ' ಎಂದರೆ ಇನ್ನೊಂದು ಅರ್ಥವಿದೆ. ಒಂದು ಕರ್ತವ್ಯವನ್ನು ನಿಭಾಯಿಸುವುದು ಮನುಷ್ಯನಿಗೆ ಭಾರವಾದಾಗ, ಆ ಭಾರವನ್ನು ಇಳಿಸಲು ಶರೀಅತ್ ತಾನಾಗಿ ಕೊಡುವ ವಿನಾಯಿತಿ. ಪ್ರಯಾಣಿಕನಿಗೆ, ರೋಗಿಗೆ ಉಪವಾಸದಲ್ಲಿರುವ ಸಡಿಲಿಕೆಯನ್ನು ಎಲ್ಲರೂ ಬಲ್ಲರು. ಮಳೆಗೂ ಇಂಥದೊಂದು ವಿನಾಯಿತಿ ಇದೆ ಎಂಬುದನ್ನು ನಮ್ಮಲ್ಲಿ ಹಲವರು ಕೇಳಿಯೇ ಇಲ್ಲ.

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳೆರಡರಲ್ಲೂ ಬರುವ ಪ್ರಸಂಗವಿದು. ಒಂದು ಜುಮಾ ದಿನ ಮಳೆ ಸುರಿದು ದಾರಿಯೆಲ್ಲ ಕೆಸರಾಗಿತ್ತು. ಪ್ರವಾದಿ(ಸ)ಯವರ ಚಿಕ್ಕಪ್ಪನ ಮಗ ಇಬ್ನು ಅಬ್ಬಾಸ್(ರ) ತಮ್ಮ ಮುಅಝ್ಝಿನ್‌ಗೆ, ಅಝಾನ್‌ನಲ್ಲಿ ನಮಾಝಿಗೆ ಬನ್ನಿ ಎನ್ನುವ ಮಾತಿನ ಜಾಗದಲ್ಲಿ ನಿಮ್ಮ ನಿಮ್ಮ ಮನೆಗಳಲ್ಲೇ ನಮಾಝ್ ಮಾಡಿ ಎಂದು ಕೂಗಲು ಹೇಳಿದರು. ಜನ ಮುಖ ಮುಖ ನೋಡಿಕೊಂಡರು. ಆಗ ಇಬ್ನು ಅಬ್ಬಾಸ್, ತನಗಿಂತ ಉತ್ತಮರಾದವರು, ಅಂದರೆ ಪ್ರವಾದಿಯವರು, ಇದನ್ನು ಮಾಡಿದ್ದಾರೆಂದೂ ಜುಮಾ ಕಡ್ಡಾಯವೇ ಆದರೂ ನಿಮ್ಮನ್ನು ಕೆಸರಿನಲ್ಲಿ ಜಾರುತ್ತ ಬರುವಂತೆ ಮಾಡಲು ತನಗೆ ಮನಸ್ಸಾಗಲಿಲ್ಲವೆಂದೂ ವಿವರಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಜುಮಾದ ಕಡ್ಡಾಯವನ್ನು ಅವರು ಅಲ್ಲಗಳೆಯಲಿಲ್ಲ. ಕಡ್ಡಾಯವಾಗಿರುವುದರಿಂದಲೇ ವಿನಾಯಿತಿಯನ್ನು ಕೂಗಿ ಹೇಳಬೇಕಾಯಿತು. ಬಾರದವನು ಮನೆಯಲ್ಲಿ ಕುಳಿತು ತಪ್ಪಿತಸ್ಥನಂತೆ ಕೊರಗಬಾರದಲ್ಲ! 2020ರ ಮಾರ್ಚ್‌ನಲ್ಲಿ ಕೊರೋನಾ ಹರಡಿದಾಗ ಕುವೈತ್‌ನ ಮಸೀದಿಗಳಿಂದ ಇದೇ ಕೂಗು ಕೇಳಿಬಂತು. ಮುಅಝ್ಝಿನ್‌ನ ಗಂಟಲು ನಡುಗುತ್ತಿದ್ದ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿ ಅತ್ತವರು ನಮ್ಮ ಬೀದಿಯಲ್ಲೂ ಇದ್ದರು.

ಇದೇ ವಿಷಯದ ಇನ್ನೊಂದು ಹದೀಸ್ ಪ್ರಯಾಣಕ್ಕೆ ಸಂಬಂಧಿಸಿದ್ದು. ದಾರಿಯಲ್ಲಿದ್ದಾಗ ಚಳಿಯ ಅಥವಾ ಮಳೆಯ ರಾತ್ರಿ ಬಂದರೆ, ತಂಗಿದಲ್ಲೇ ನಮಾಝ್ ಮಾಡಿ ಎಂದು ಕೂಗಿಸುತ್ತಿದ್ದರೆಂದು ಅದರಲ್ಲಿದೆ. ಅಲ್ಲಿ ತಂಗುವ ಜಾಗಕ್ಕೆ ಬಳಸಿರುವ ಪದ 'ರಿಹಾಲ್'. ಅದರ ಏಕವಚನ 'ರಹ್ಲ್'. ಮೂಲದಲ್ಲಿ ಒಂಟೆಯ ಬೆನ್ನಿಗೆ ಬಿಗಿಯುವ ಜೀನು. ಜೀನು, ಗಂಟುಮೂಟೆ ಇಳಿಸಿದ ಕಡೆಯೇ ಪಯಣಿಗನ ಮನೆಯಾದ್ದರಿಂದ ಆ ಬಿಡಾರಕ್ಕೂ ಅದೇ ಹೆಸರು. ನಮ್ಮ ಮನೆಗಳಲ್ಲಿ ಕುರ್‌ಆನ್ ಇಟ್ಟು ಓದುವ, ಮಡಚಿ ತೆಗೆಯುವ ಮರದ ಪೀಠಕ್ಕೆ ರಿಹಲ್ ಎನ್ನುತ್ತೇವಲ್ಲ, ಅದೂ ಈ ಜೀನಿನಿಂದಲೇ ಬಂದ ಮಾತು. ಎರಡು ಕಡೆಗೆ ಇಳಿಬಿದ್ದ ಅದರ ಆಕಾರ ಒಂಟೆಯ ಜೀನನ್ನು ಹೋಲುತ್ತದೆ. ಸಣ್ಣವರಿದ್ದಾಗ ಮದ್ರಸಾದಲ್ಲಿ ರಿಹಲನ್ನು ಕುದುರೆ ಮಾಡಿ ಆಡಿ ಏಟು ತಿಂದವರು ನಾವು. ಪದದ ಬೇರು ಆ ಉಸ್ತಾದರಿಗೂ ಗೊತ್ತಿದ್ದರೆ ಒಂದು ಏಟು ಕಡಿಮೆಯಾಗುತ್ತಿತ್ತೇನೋ.

ನಮ್ಮ ಊರಿನ ಹೆಸರಿನಲ್ಲೂ ಇಂಥದೇ ಬಿಡಾರವೊಂದು ಅಡಗಿದೆ. ಪಾಳ್ಯವೆಂದರೆ ಪಾಳೆಯ, ಡೇರೆ ಹಾಕಿ ತಂಗುವ ಜಾಗ. ಬೆಂಗಳೂರಿನ ಸುತ್ತ ಇಂಥ ಪಾಳ್ಯಗಳು ಎಷ್ಟೋ. ಇಲ್ಲಿಗೆ ಬಂದು ಗಂಟು ಇಳಿಸಿದವರಲ್ಲಿ ಹೆಚ್ಚಿನವರು ಎರಡು ಮೂರು ದಶಕಗಳಿಂದ ಈಚೆಗೆ ಬಂದವರೇ. ಆದರೂ ಬೆಳಿಗ್ಗೆ ಹೊರಟು ರಾತ್ರಿ ಬರುವ ನಾವೆಲ್ಲ ಪಾಳ್ಯದೊಳಗೆ ನೆಟ್ಟಗೆ ತಂಗಿದ್ದು ಕಡಿಮೆ. ಆ ಸೋಮವಾರ ಹೊರಡುವ ದಾರಿ ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಕರೆಂಟೂ ಹೋಯಿತು. ಏಳು ವರ್ಷಗಳಿಂದ ಸಲಾಮಿಗಷ್ಟೇ ನಿಂತಿದ್ದ, ಮೂರು ಮನೆಯಾಚೆಯ ಹೊನ್ನಾವರದ ಕಡೆಯ ಕುಟುಂಬದೊಂದಿಗೆ ಅಂದು ಮೊದಲ ಬಾರಿ ಕುಳಿತು ಮಾತಾಡಿದೆವು. ನಮ್ಮ ಮನೆಯಿಂದ ಗುಲ್ಗುಲೆ ಹೋಯಿತು, ಅವರ ಮನೆಯಿಂದ ಕರಿಚಹಾ ಬಂತು. ನಾವು ಮಳೆಯ ಭೀಕರತೆಯನ್ನು ವರ್ಣಿಸುತ್ತಿದ್ದರೆ ಆ ಮನೆಯ ಯಜಮಾನರು ಕೇಳುವಷ್ಟು ಕೇಳಿ, "ಇದೊಂದು ಮಳೆಯಾ ಮಾರಾಯ್ರೆ?" ಎಂದರು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಮೂರು ಸಾವಿರ ದಾಟುವ ನಾಡಿನವರಿಗೆ ನಮ್ಮ ಗೋಳು ತಮಾಷೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಅವರ ಆ ನಗೆಯೇ ನಮ್ಮನ್ನು ಕರಾವಳಿಯ ಚರಿತ್ರೆಯ ಕಡೆಗೆ ತಿರುಗಿಸಿತು. ಮಳೆಯಿಂದಾಗಿ ಪ್ರಯಾಣ ನಿಲ್ಲುವುದು ನಮಗೆ ಒಂದು ದಿನದ ಅವಘಡ. ಅಲ್ಲಿ ಅದು ಶತಮಾನಗಳ ಕಾಲ ವರ್ಷದ ಒಂದು ಭಾಗವೇ ಆಗಿತ್ತು. ಅರಬಿಯ 'ಮೌಸಿಮ್' ಎಂದರೆ ಋತು, ನಿಗದಿತ ಕಾಲ. ಉರ್ದುವಿನ ಮೌಸಮ್ ಅದೇ. ಪೋರ್ಚುಗೀಸರ ಬಾಯಲ್ಲಿ ಅದು ತಿರುಚಿಕೊಂಡು, ಇಂಗ್ಲಿಷಿಗೆ ಹೋಗಿ, ಮಾನ್ಸೂನ್ ಆಗಿ ನಮಗೆ ವಾಪಸು ಬಂತು. ನಾವಿಕನಿಗೆ ಮೌಸಿಮ್ ಎಂದರೆ ಹಾಯಿ ಬಿಚ್ಚಬಹುದಾದ ಕಾಲ ಯಾವುದು, ಬಿಚ್ಚಬಾರದ ಕಾಲ ಯಾವುದು ಎಂಬ ಲೆಕ್ಕ. ನೈಋತ್ಯದ ಗಾಳಿ ಬಲವಾದ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿದಂತೆಯೇ. ಬಂದವನು ಮರಳಬೇಕಾದರೆ ಗಾಳಿ ತಿರುಗುವವರೆಗೆ ಕಾಯಬೇಕು. ಋತು ತಪ್ಪಿದರೆ ಗತಿ ಏನೆಂಬುದಕ್ಕೆ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ರಝಾಕ್ ಸಾಕ್ಷಿ. 1442ರ ಆರಂಭದಲ್ಲಿ ಹೆರಾತ್ ಬಿಟ್ಟ ಆತ ಹೊರ್ಮುಝ್‌ನಲ್ಲಿ ತಡವಾಗಿ, ಸಮುದ್ರದ ಕಾಲ ಮೀರಿ, ಅರಬಿ ತೀರದಲ್ಲಿ ಬೇಗೆಯ ತಿಂಗಳುಗಳನ್ನು ಕಳೆದು, ಕಾಯಿಲೆಯೂ ಬಿದ್ದ. ಕಲ್ಲಿಕೋಟೆ ಮುಟ್ಟಿ, ಮಂಗಳೂರಿನ ದಾರಿಯಾಗಿ ವಿಜಯನಗರ ಕಾಣುವಾಗ 1443. ಆತನಿಗೆ ಆ ಕಾಯುವಿಕೆ ಸುಖದ್ದೇನೂ ಆಗಿರಲಿಲ್ಲ.

ಆದರೆ ಎಲ್ಲರೂ ಅಬ್ದುರ್ರಝಾಕನಂತೆ ಹಳಿಯುತ್ತ ಕೂರಲಿಲ್ಲ. ಗಾಳಿ ತಿರುಗುವವರೆಗೆ ಈ ತೀರದಲ್ಲಿ ತಂಗಿದ ಅರಬ್ ವ್ಯಾಪಾರಿಗಳು ಇಲ್ಲಿ ಮನೆ ಮಾಡಿದರು, ಮದುವೆಯಾದರು, ಇಲ್ಲಿನ ಭಾಷೆ ಕಲಿತರು. ನವಾಯತರು, ಬ್ಯಾರಿಗಳು, ಮಾಪಿಳ್ಳೆಗಳ ಹಿನ್ನೆಲೆ ಹೇಳುವಾಗ ಇತಿಹಾಸಕಾರರು ಈ ಮಾತನ್ನು ಮತ್ತೆ ಮತ್ತೆ ಎತ್ತುತ್ತಾರೆ. ನಮ್ಮ ಜನರ ಚರಿತ್ರೆಯನ್ನು ಕತ್ತಿಯಿಂದ ಆರಂಭಿಸಿ ಹೇಳುವ ಚಾಳಿ ಇರುವ ಈ ಕಾಲದಲ್ಲಿ, ಕರಾವಳಿಯ ಇಸ್ಲಾಮಿನ ಬಹುಭಾಗವನ್ನು ತಡೆದು ನಿಲ್ಲಿಸಿ ನೆಲೆಯೂರಿಸಿದ್ದು ಮಳೆಗಾಲ ಎಂಬುದನ್ನು ಹೇಳಲೇಬೇಕಾಗಿದೆ.

ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಇಬ್ನು ಬತೂತ ಈ ತೀರದ ಊರುಗಳನ್ನು ಕಂಡ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರೆಂದೂ ಪಾರಸ, ಯಮನ್‌ಗಳ ವ್ಯಾಪಾರಿಗಳು ಅಲ್ಲಿ ಇಳಿಯುತ್ತಿದ್ದರೆಂದೂ ಬರೆದಿದ್ದಾನೆ. ಆತನನ್ನು ಬೆರಗುಗೊಳಿಸಿದ್ದು ಹೊನ್ನಾವರ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವು, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಬಲ್ಲವರು, ಇಂಥದ್ದನ್ನು ತಾನು ಬೇರೆಲ್ಲೂ ಕಂಡಿಲ್ಲವೆನ್ನುತ್ತಾನೆ. ಅದರ ಜೊತೆಗೇ ಆ ಊರಿನವರ ಬದುಕು ಕಡಲ ವ್ಯಾಪಾರವನ್ನೇ ನೆಚ್ಚಿದ್ದು, ಅವರಿಗೆ ಹೊಲಗದ್ದೆಗಳಿಲ್ಲ ಎಂಬ ಮಾತೂ ಇದೆ. ಈ ಎರಡನ್ನೂ ಒಟ್ಟಿಗೆ ಓದಿದಾಗ ನಮಗೆ ಒಂದು ಚಿತ್ರ ಕಾಣುತ್ತದೆ. ಮಳೆಗಾಲದಲ್ಲಿ ಕಡಲು ಮುಚ್ಚಿದೆ, ಉಳಲು ಹೊಲವಿಲ್ಲ. ಇಡೀ ಊರು ಮನೆಯಲ್ಲಿದೆ. ಆಗ ಆ ಮೂವತ್ತಾರು ಶಾಲೆಗಳ ಸದ್ದು ಹೇಗಿದ್ದಿರಬಹುದು! ಇದು ಕಥೆಗಾರರ ಊಹೆ, ದಾಖಲೆಯಲ್ಲ. ಆದರೆ ಇಳಿಸಿಟ್ಟ ಜೀನಿನ ಮೇಲೆ ಪುಸ್ತಕ ತೆರೆದ ಊರೊಂದನ್ನು ಹೊನ್ನಾವರದಲ್ಲಿ ಕಂಡಂತೆ ನಮಗಾಗುತ್ತದೆ. ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ ಅವರ ಹೆಣ್ಣುಮಕ್ಕಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಇನ್ನೊಂದು ಸಣ್ಣ ಸಂಗತಿ: ಕರಾವಳಿಯವರು ಶಾಫಿಈ ಪಂಥದವರು. ಮಳೆಯಿದ್ದಾಗ ಎರಡು ಹೊತ್ತಿನ ನಮಾಝನ್ನು ಮಸೀದಿಯಲ್ಲಿ ಒಟ್ಟುಗೂಡಿಸಿ ಮಾಡಲು ಅವರಲ್ಲಿ ಅವಕಾಶವಿದೆ. ನಮ್ಮ ಹನಫಿಗಳಲ್ಲಿ ಇಲ್ಲ. ಒಣನಾಡಿನವರಿಗೆ ಅದರ ಅಗತ್ಯ ಕಂಡಿರಲಿಕ್ಕಿಲ್ಲ ಎಂದು ಆ ಯಜಮಾನರು ನಗೆಯಾಡಿದರು. ಶಾಸ್ತ್ರದ ಪ್ರಕಾರ ಆ ಮಾತು ಸರಿಯಲ್ಲ, ನಗೆಗೆ ಸರಿ.

ಮಳೆಯಲ್ಲಿ ತಂಗುವುದನ್ನು ನಿಯಮವೇ ಮಾಡಿದವರು ಇಸ್ಲಾಮಿಗಿಂತ ಸಾವಿರ ವರ್ಷಕ್ಕೂ ಹಿಂದೆಯೇ ಈ ನೆಲದಲ್ಲಿದ್ದರು. ಬೌದ್ಧ ಭಿಕ್ಷುಗಳು ಮಳೆಯಲ್ಲೂ ಅಲೆಯುತ್ತ ಹಸಿರನ್ನೂ ಹುಳುಹುಪ್ಪಟೆಗಳನ್ನೂ ತುಳಿಯುತ್ತಾರೆಂದು ಜನ ದೂರಿದಾಗ ಬುದ್ಧ ವರ್ಷಾವಾಸವನ್ನು ವಿಧಿಸಿದನೆಂದು ವಿನಯಪಿಟಕ ಹೇಳುತ್ತದೆ. ಜೈನ ಮುನಿಗಳ ಮತ್ತು ನಮ್ಮ ಮಠಾಧೀಶರ ಚಾತುರ್ಮಾಸ್ಯ ಇಂದಿಗೂ ನಡೆಯುತ್ತದೆ. ನಡೆಯುವುದೇ ವ್ರತವಾದವನಿಗೆ ನಿಲ್ಲುವುದನ್ನೂ ವ್ರತವಾಗಿ ಕೊಟ್ಟರು.

ಸಂಸಾರಿಗಳ ಕಥೆ ಬೇರೆ. ತುಳುನಾಡಿನ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯವಿಲ್ಲ, ದೂರದ ಓಡಾಟವಿಲ್ಲ. ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ನಲಿಕೆ ಸಮುದಾಯದವರು ಆಟಿ ಕಳೆಂಜನ ವೇಷದಲ್ಲಿ, ತಾಳೆಗರಿಯ ಕೊಡೆ ಹಿಡಿದು, ಮನೆ ಮನೆಗೆ ಬಂದು ರೋಗರುಜಿನ ಕಳೆಯುತ್ತಾರೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಆ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಕೊಡಗಿನಲ್ಲಿ ಇದೇ ಹೊತ್ತಿಗೆ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ಕೇಳಲು ಎಲ್ಲವೂ ಸೊಗಸು. ಆದರೆ ಆಟಿ ಹಸಿವಿನ ತಿಂಗಳೂ ಆಗಿತ್ತು. ಕಣಜ ಬರಿದಾಗಿ ಹೊಸ ಬೆಳೆ ಬಾರದಿದ್ದಾಗ ಚಗಚೆ ಸೊಪ್ಪು, ಕಣಿಲೆ, ಕೆಸುವಿನ ಎಲೆಯ ಪತ್ರೊಡೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಹಲಸಿನ ಬೀಜಗಳಲ್ಲಿ ಹೊಟ್ಟೆ ತುಂಬಿಸಿಕೊಂಡರು. ಈಗ ಸಂಘಸಂಸ್ಥೆಗಳು 'ಆಟಿಡೊಂಜಿ ದಿನ' ಎಂದು ಸಭಾಭವನದಲ್ಲಿ ಇವೇ ಅಡುಗೆಗಳನ್ನು ಸಾಲಾಗಿ ಜೋಡಿಸಿ ಬಡಿಸುತ್ತವೆ. ನಾವೂ ಒಮ್ಮೆ ಉಂಡಿದ್ದೇವೆ, ರುಚಿಯಾಗಿತ್ತು. ಬಡತನದ ಅಡುಗೆ ಹೊಟ್ಟೆ ತುಂಬಿದವನಿಗೆ ರುಚಿಯೆನಿಸುವುದು ಹೊಸದೇನಲ್ಲ.

ಮಳೆಗಾಲ ಕರಾವಳಿಗೆ ಕೊಟ್ಟ ದೊಡ್ಡ ಉಡುಗೊರೆಯೆಂದರೆ ನಮ್ಮ ಲೆಕ್ಕದಲ್ಲಿ ತಾಳಮದ್ದಳೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಗೆಜ್ಜೆ ಬಿಚ್ಚಿದ ಕಲಾವಿದ ಮತ್ತೆ ಕಟ್ಟುವುದು ಮಳೆ ಕಳೆದು ದೀಪಾವಳಿಯ ಆಸುಪಾಸಿನಲ್ಲಿ. ಬಯಲಿನಲ್ಲಿ ರಂಗಸ್ಥಳ ಹೂಡಲಾಗದ ಈ ತಿಂಗಳುಗಳಲ್ಲಿ ಅದೇ ಪ್ರಸಂಗಗಳು ಮನೆಯ ಚಾವಡಿಗೆ, ದೇವಸ್ಥಾನದ ಸಭಾಂಗಣಕ್ಕೆ ಬರುತ್ತವೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆಯವರು ನುಡಿಸುತ್ತಾರೆ, ಬಿಳಿ ಪಂಚೆಯುಟ್ಟು ಎದುರುಬದುರು ಕುಳಿತ ಅರ್ಥಧಾರಿಗಳು ಬರೆದಿಡದ ಮಾತಿನಲ್ಲಿ ಕರ್ಣ, ಕೃಷ್ಣ, ವಾಲಿ, ರಾಮರಾಗುತ್ತಾರೆ. ಈ ಕಲೆ ಹುಟ್ಟಿದ್ದೇ ಮಳೆಯಿಂದ ಎನ್ನಲಾಗದು. ಅದು ಸೊಂಪಾಗಿ ಬೆಳೆದ ಋತು ಇದೆಂಬುದು ಮಾತ್ರ ನಿಜ. ಕಾಲಿಗೆ ವಿಶ್ರಾಂತಿ ಸಿಕ್ಕಾಗ ನಾಲಿಗೆಗೆ, ಬುದ್ಧಿಗೆ ಕೆಲಸ ಬಂತು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರಂಥವರು ಅದನ್ನು ವಾದದ, ವಿಚಾರದ ಕಲೆಯನ್ನಾಗಿ ಎತ್ತರಕ್ಕೆ ಒಯ್ದರು. ಯಕ್ಷಗಾನದ ರಂಗದಲ್ಲಿ ಶೇಣಿಯವರ ಬಪ್ಪ ಬ್ಯಾರಿಯ ಪಾತ್ರ ಮನೆಮಾತಾಗಿತ್ತು. ಈಗಿನವರಲ್ಲಿ ಸಂಪಾಜೆಯ ಜಬ್ಬಾರ್ ಸಮೊ ಅವರು ಪುರಾಣದ ಪಾತ್ರಗಳಿಗೆ ಅರ್ಥ ಹೇಳುವುದನ್ನು ಕೇಳಲು ಜನ ಮಳೆಯಲ್ಲೇ ಕೊಡೆ ಹಿಡಿದು ಬರುತ್ತಾರೆ. ಬಯಲು ವಿಶಾಲ, ಚಾವಡಿ ಚಿಕ್ಕದು. ಆದರೂ ಮಳೆಗಾಲದ ಆ ಚಾವಡಿಯಲ್ಲಿ ಬ್ಯಾರಿಯೂ ಭಟ್ಟರೂ ಪಕ್ಕದಲ್ಲಿ ಕೂರುವಷ್ಟು ಜಾಗವಿತ್ತು.

ಘಟ್ಟದ ಮೇಲಿನ ನಮ್ಮ ಬಯಲುಸೀಮೆಗೆ ಬಂದರೆ ಮಳೆಯ ಅರ್ಥವೇ ತಿರುಗುಮುರುಗಾಗುತ್ತದೆ. ಇಲ್ಲಿ ಮಳೆ ಬಂದರೆ ರಜೆಯಲ್ಲ, ಕೆಲಸ. ನಮ್ಮ ಬೀದಿಯ ಹಿರಿಯ ರೈತರೊಬ್ಬರು (ಈಗ ಅವರ ಹೊಲದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳಿವೆ) ಪುನರ್ವಸು, ಪುಷ್ಯ ಮಳೆಗಳಲ್ಲಿ ನೆಂಟರ ಮದುವೆಗೂ ಊರು ಬಿಡುತ್ತಿರಲಿಲ್ಲವಂತೆ. ರಾಗಿ ಬಿತ್ತನೆಯ ಹದ ತಪ್ಪಿದರೆ ವರ್ಷದ ಅನ್ನ ಹೋಯಿತು. ಇಲ್ಲೂ ಮಳೆ ಜನರನ್ನು ಮನೆಯ ಹತ್ತಿರವೇ ಕಟ್ಟಿಹಾಕಿತು, ಚಾವಡಿಗಲ್ಲ, ಹೊಲಕ್ಕೆ. ದಖ್ಖನಿನ ಸುಲ್ತಾನರಿಗೂ ಈ ರೈತರ ಪಂಚಾಂಗ ಗೊತ್ತಿತ್ತು. 1591ರಲ್ಲಿ ಹೈದರಾಬಾದ್ ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಶಾಹ್ ದಖನಿಯಲ್ಲಿ ಬರೆದ ಕವಿತೆಗಳಲ್ಲಿ ಮಳೆಗಾಲದ್ದೇ ಒಂದು ಗುಂಪಿದೆ. ಆತ 'ಮಿರ್ಗ್' ಎಂದು ಹಾಡಿದ್ದು ನಮ್ಮ ರೈತರ ಮೃಗಶಿರಾ ಮಳೆಯನ್ನೇ. ಶಿಯಾ ಸುಲ್ತಾನ, ಪಾರಸಿ ಆಸ್ಥಾನ, ಆದರೆ ಹಬ್ಬ ಮಾತ್ರ ನಮ್ಮ ನಕ್ಷತ್ರದ್ದು. ಶಿವಾಜಿನಗರದ ನಮ್ಮ ಬಂಧು ಫೋನಿನಲ್ಲಿ ಆಡಿದ ನಕ್ಕೋ, ಘರ್‌ಮೇಚ್‌ಗಳ ನುಡಿ ಆ ದಖನಿಯ ಮೊಮ್ಮಗಳೇ.

ದಿಲ್ಲಿಯ ಕೊನೆಯ ಬಾದಶಾಹನ ಮಳೆಗಾಲವನ್ನೂ ಇಲ್ಲಿ ನೆನೆಯಬೇಕು. ಬಹಾದುರ್ ಶಾಹ್ ಝಫರ್‌ನಿಗೆ ದಂಡೆತ್ತಿ ಹೋಗಲು ರಾಜ್ಯವಿರಲಿಲ್ಲ. ಕೆಂಪುಕೋಟೆಯಿಂದ ನಗರದ ಹೊರಗಿನ ಮೆಹ್ರೌಲಿಯವರೆಗೆ ಹೋಗಿ ಮಳೆಗಾಲ ಕಳೆಯುವುದೇ ಅವನ ದೊಡ್ಡ ಪ್ರಯಾಣ. ಅವನ ತಂದೆಯ ಕಾಲದಲ್ಲಿ ಆರಂಭವಾದ 'ಫೂಲ್ ವಾಲೋಂ ಕೀ ಸೈರ್' ಅಲ್ಲಿ ನಡೆಯುತ್ತಿತ್ತು. ಬಖ್ತಿಯಾರ್ ಕಾಕಿ ದರ್ಗಾಕ್ಕೆ ಹೂವಿನ ಚಾದರ, ಯೋಗಮಾಯಾ ಗುಡಿಗೆ ಹೂವಿನ ಬೀಸಣಿಗೆ, ಮಾವಿನ ತೋಪಿನಲ್ಲಿ ಉಯ್ಯಾಲೆ. 1858ರಲ್ಲಿ ಅವನನ್ನು ರಂಗೂನಿಗೆ ಸಾಗಿಸಿದರು, 1862ರಲ್ಲಿ ಅಲ್ಲೇ ತೀರಿಕೊಂಡ. ದೂರದ ಪ್ರಯಾಣ ಅವನಿಗೆ ದೊರೆತದ್ದು ಹಾಗೆ. 1942ರಲ್ಲಿ ಬ್ರಿಟಿಷರು ಆ ಉತ್ಸವವನ್ನು ನಿಲ್ಲಿಸಿದರು. ಅರವತ್ತರ ದಶಕದ ಆರಂಭದಲ್ಲಿ ನೆಹರೂ ಆಸಕ್ತಿಯಿಂದ ಅದು ಮತ್ತೆ ಶುರುವಾಯಿತು. ಅದೇ ದಿಲ್ಲಿಯಲ್ಲಿದ್ದ ಗಾಲಿಬ್ ತನ್ನ ಪತ್ರಗಳಲ್ಲಿ ಮಳೆಯ ಬಗ್ಗೆ ಬರೆದದ್ದು ಸೋರುವ ಮಾಡಿನ ಗೋಳನ್ನು. ಒಂದೇ ಮಳೆ, ಒಂದೇ ಊರು. ಉಯ್ಯಾಲೆಗೂ ಸೋರುವ ಮಾಡಿಗೂ ನಡುವಿನ ಅಂತರ ಕೆಲವೇ ಮೈಲಿ.

ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ ಎದುರು ಮನೆಯ ಖಾಲಾ ಬಂದು ಏನು ಬರೆಯುತ್ತಿದ್ದೀರಿ ಎಂದು ಕೇಳಿದರು. ಮಳೆ ಬಂದು ಮನೆಯಲ್ಲೇ ಉಳಿದವರ ಚರಿತ್ರೆ ಎಂದೆವು. "ನಿಮಗೆ ವರ್ಷಕ್ಕೆ ಒಂದು ದಿನ ಮಳೆ. ನಮಗೆ ವರ್ಷವೆಲ್ಲಾ ಮಳೆ" ಎಂದು ಹೇಳಿ ಹೋದರು. ಆ ಮಾತಿನ ಮೇಲೆ ಬಹಳ ಹೊತ್ತು ಪೆನ್ನು ಓಡಲಿಲ್ಲ. ಗಂಡಸಿಗೆ ತಂಗುವುದು ಋತುವಿನ ವಿಶೇಷವಾದರೆ, ನಮ್ಮ ಮನೆಗಳ ಬಹಳಷ್ಟು ಹೆಂಗಸರಿಗೆ ಅದೇ ಪಂಚಾಂಗ. ಮನೆಯ ಹತ್ತಿರದಲ್ಲೇ ಸುಖ ಕಂಡುಕೊಳ್ಳುವ ವಿದ್ಯೆಯಲ್ಲಿ ನಿಜವಾದ ಪಂಡಿತರು ಅವರು, ಬೇರೆ ದಾರಿಯಿಲ್ಲದೆ. ಬಿಜಾಪುರದ ಸೂಫಿಗಳಿಗೆ ಇದು ತಿಳಿದಿತ್ತೆಂದು ಕಾಣುತ್ತದೆ. ಅವರ ಪರಂಪರೆಯಲ್ಲಿ ದಖನಿಯ ಚಕ್ಕಿನಾಮಾಗಳಿವೆ, ಬೀಸುವ ಕಲ್ಲಿನ ಹಾಡುಗಳು. ಚರಖಾನಾಮಾಗಳೂ ಇವೆ, ನೂಲುವವರಿಗೆ. 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಗ್ರಂಥ ಬರೆದ ರಿಚರ್ಡ್ ಈಟನ್, ದಖ್ಖನಿನ ಹಳ್ಳಿಮನೆಗಳಿಗೆ ಇಸ್ಲಾಮ್ ನಿಧಾನವಾಗಿ ತಲುಪಿದ್ದರಲ್ಲಿ ಹೆಂಗಸರು ಕೆಲಸ ಮಾಡುತ್ತ ಹಾಡಿದ ಈ ಪದಗಳ ಪಾತ್ರ ದೊಡ್ಡದೆಂದು ತೋರಿಸಿದ್ದಾರೆ. ಖಾನ್ಕಾಹ್‌ಗೆ ಹೋಗಲಾಗದವರ ಬಳಿಗೆ ಖಾನ್ಕಾಹೇ ಹಾಡಾಗಿ ಬಂದು ಬೀಸುವ ಕಲ್ಲಿನ ಪಕ್ಕ ಕುಳಿತಿತು. ಖಾಲಾರಿಗೆ ಇದನ್ನು ಹೇಳಿದೆವು. ಈಗ ಮಿಕ್ಸಿ ಇದೆ, ಅದರ ಸದ್ದಿಗೆ ಯಾವ ಹಾಡೂ ಕೇಳುವುದಿಲ್ಲ ಎಂದರು.

ಮಳೆಯ ರುಖ್ಸತ್ತು ಈಗಲೂ ಪೂರ್ತಿ ಸತ್ತಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ರಾತ್ರಿಯೆಲ್ಲ ಮಕ್ಕಳ ಕಣ್ಣು ಅಪ್ಪನ ಮೊಬೈಲಿನ ಮೇಲೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವುದು ನಿಷಿದ್ಧ. ಮೀನಿನ ಸಂತತಿ ಉಳಿಯಲೆಂದು ತಂದ ನಿಯಮವಾದರೂ ಹಳೆಯ ಮೌಸಿಮ್‌ನ ನೆರಳು ಅದರ ಮೇಲಿದೆ. ನಮ್ಮ ಕಡೆ ಆ ಅಧಿಕಾರ ಕಂಪೆನಿಗಳ ಕೈಯಲ್ಲಿದೆ. 2022ರ ಆಗಸ್ಟ್ 30ರ ಮಳೆಯಲ್ಲಿ ನೌಕರರು ಐದೈದು ಗಂಟೆ ರಸ್ತೆಯಲ್ಲಿ ಸಿಕ್ಕಿಬಿದ್ದು ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪೆನಿಗಳ ಒಕ್ಕೂಟ ಮುಖ್ಯಮಂತ್ರಿಗೆ ಪತ್ರ ಬರೆಯಿತು. ವಾರದೊಳಗೆ ಬಂದ ದೊಡ್ಡ ಮಳೆಗೆ ಹಲವು ಕಂಪೆನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ಒಳ್ಳೆಯದೇ. ಆದರೆ ಅದೇ ಕಟ್ಟಡಗಳ ಕಾವಲಿನವನಿಗೆ, ಕಸ ಗುಡಿಸುವವಳಿಗೆ, ಹೊರಗೆ ಚಹಾ ಮಾರುವವನಿಗೆ ಅಂದಿನ ಮಳೆ ಎಷ್ಟು ರೂಪಾಯಿಯದೆಂದು ಲೆಕ್ಕ ಹಾಕಿದ ಕಾಗದ ನಮ್ಮ ಕಣ್ಣಿಗೆ ಬೀಳಲಿಲ್ಲ. ಇಬ್ನು ಅಬ್ಬಾಸರ ಮುಅಝ್ಝಿನ್ ಕೂಗಿದ್ದು ಎತ್ತರದಿಂದ, ಇಡೀ ಊರಿಗೆ. ಯಾರ ಸಂಬಳ ಎಷ್ಟೆಂದು ಕೇಳಿ ಅಲ್ಲ.

ಅಂದು ಸಂಜೆ ಮಳೆ ಮತ್ತೆ ಹಿಡಿಯಿತು. ಮಗರಿಬ್‌ನ ಅಝಾನ್ ಎಂದಿನಂತೆಯೇ ಆಯಿತು, ಮನೆಯಲ್ಲೇ ಮಾಡಿ ಎಂಬ ಕೂಗೇನೂ ಬರಲಿಲ್ಲ. ಹೋದ ನಾವು ಅರ್ಧ ಸಾಲಿನಷ್ಟೇ ಇದ್ದೆವು. ಮರಳಿ ಬರುವಾಗ ನಮ್ಮ ಮನೆಯ ಮೆಟ್ಟಿಲ ಕೆಳಗೆ ಊಟದ ಪೊಟ್ಟಣ ತಲುಪಿಸುವ ಹುಡುಗನೊಬ್ಬ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ. ಇಪ್ಪತ್ತು ಇಪ್ಪತ್ತೆರಡರ ಪ್ರಾಯ, ರಾಯಚೂರಿನ ಕಡೆಯವನಂತೆ. ಒಳಗೆ ಕರೆದರೆ ಬಟ್ಟೆ ಒದ್ದೆ ಎಂದು ಬರಲೊಲ್ಲ. ಅಲ್ಲಿಗೇ ಚಹಾ, ಉಳಿದ ಎರಡು ಗುಲ್ಗುಲೆ ತಂದುಕೊಟ್ಟೆವು. ಇಂಥ ಮಳೆಯಲ್ಲಿ ರಜೆ ಹಾಕಬಾರದೇ ಎಂದಾಗ ನಮ್ಮನ್ನು ವಿಚಿತ್ರವಾಗಿ ನೋಡಿದ. "ಮಳಿ ಬಂದಾಗನ ಆರ್ಡರ್ ಜಾಸ್ತಿ ರೀ ಸರ, ರೊಕ್ಕನೂ ಸ್ವಲ್ಪ ಹೆಚ್ಚಿಗಿ ಬರ್ತಾವ. ಎಲ್ಲಾರೂ ಮನ್ಯಾಗ ಇರ್ತಾರಲ್ರೀ" ಎಂದ.

2025ರಲ್ಲಿ ಇವನಂಥವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ ಸರ್ಕಾರ ಕಾಯ್ದೆಯೊಂದನ್ನು ತಂದಿತು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನಮಗೆ ನೆನಪಾದದ್ದು ಆ ಮೆಟ್ಟಿಲ ಕೆಳಗಿನ ಮುಖ. ಅಂದು ಅವನು ಗುಲ್ಗುಲೆಯಲ್ಲಿ ಒಂದನ್ನು ತಿಂದು, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಫೋನು ಸದ್ದು ಮಾಡಿತು. ಒರೆಸಿ ನೋಡಿದ. ಪೊಟ್ಟಣ ಹೋಗಬೇಕಾದದ್ದು ಹೂಡಿಯ ಕಡೆಗೆ. ರೈನ್‌ಕೋಟಿನ ಟೋಪಿ ಎಳೆದುಕೊಂಡು, ಲೋಟವನ್ನು ಮೆಟ್ಟಿಲ ಮೇಲೆ ಜೋಪಾನವಾಗಿಟ್ಟು, "ಬರ್ತೀನ್ರಿ" ಎಂದು ಹೇಳಿ, ನೀರಿನಲ್ಲಿ ರಸ್ತೆ ಎಲ್ಲಿದೆಯೆಂದು ಕಾಲಿನಿಂದ ಹುಡುಕುತ್ತ ಬೈಕನ್ನು ತಳ್ಳಿಕೊಂಡು ಹೊರಟ.